ಅಗ್ಗದ ಕ್ಷೌರದ ಕತ್ತಿ: ಮೊಂಡಾಗಿದೆಯೋ, ಕತ್ತಿಯೇ ಕಳಪೆಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬ್ಲೇಡು ಬದಲಾಯಿಸುವ ಬಗೆಯದಲ್ಲ, ಮಸೆದು ಬಳಸುವ ಮಡಚುಕತ್ತಿಯೊಂದನ್ನು ಸಾಕಷ್ಟು ಅಗ್ಗವಾಗಿ ಸಿಕ್ಕಿತೆಂದು ಕೊಂಡಿದ್ದೇನೆ. ಅಲಗಿನ ಮೇಲೆ ತಯಾರಕರ ಹೆಸರಿಲ್ಲ. ‘ಸ್ಟೇನ್‌ಲೆಸ್’ ಎಂದಷ್ಟೇ ಇದೆ. ಮುಂಗೈಯ ಕೂದಲನ್ನು ಹೇಗೋ ತೆಗೆಯುತ್ತದೆ. ಆದರೆ ಬಿಸಿನೀರಿನಲ್ಲಿ ಗಡ್ಡವನ್ನು ಚೆನ್ನಾಗಿ ನೆನೆಸಿ, ನೊರೆ ಹಚ್ಚಿ, ಕೆನ್ನೆಯ ಮೇಲೆ ಆಡಿಸಿದರೆ ಕೂದಲನ್ನು ಕತ್ತರಿಸುವ ಬದಲು ಜಗ್ಗುತ್ತದೆ. ಆಮೇಲೆ ಅರ್ಧ ದಿನ ಉರಿ. ಮಸೆಗಲ್ಲುಗಳಿಗೆ ಹಣ ಹಾಕುವ ಮೊದಲು ಒಂದು ವಿಷಯ ತಿಳಿಯಬೇಕಾಗಿದೆ: ಇದು ಮಸೆದರೆ ಸರಿಹೋಗುವ ಕತ್ತಿಯೇ, ಅಥವಾ ಎಷ್ಟು ಮಸೆದರೂ ಇಷ್ಟೆಯೇ? ಮನೆಯಲ್ಲಿಯೇ ಪರೀಕ್ಷಿಸುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1

ಹರಿತವೇ ಬೇರೆ, ಗುಣಮಟ್ಟವೇ ಬೇರೆ. ಒಳ್ಳೆಯ ಕತ್ತಿಗಳು ಕೂಡ ಎಷ್ಟೋ ಬಾರಿ ಮುಖಕ್ಕೆ ಹಚ್ಚುವಷ್ಟು ಹರಿತವಾಗಿ ಕೈಸೇರುವುದಿಲ್ಲ; ಆದ್ದರಿಂದ ಮೊದಲ ದಿನದ ಉರಿಯನ್ನು ನೋಡಿ ಕತ್ತಿಯನ್ನು ತಿರಸ್ಕರಿಸಬೇಡಿ. ಹರಿತವನ್ನು ನಾವು ಕೊಡಬಹುದು. ಆಕಾರವನ್ನೂ ಉಕ್ಕಿನ ಹದವನ್ನೂ ಕೊಡಲಾಗದು. ನೋಡಬೇಕಾದದ್ದು ಅವೆರಡನ್ನು.

ಆಕಾರದಲ್ಲಿ ಮುಖ್ಯವಾದದ್ದು ಬೆನ್ನಿನ ದಪ್ಪ. ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆನ್ನು ಮತ್ತು ಬಾಯಿ (ಕತ್ತರಿಸುವ ಅಂಚು) ಎರಡೂ ಕಲ್ಲಿಗೆ ತಾಗಿರುತ್ತವೆ, ಹಾಗಾಗಿ ಮಸೆಯುವ ಕೋನವನ್ನು ತೀರ್ಮಾನಿಸುವುದು ನಮ್ಮ ಕೈಯಲ್ಲ, ಬೆನ್ನು. ಬೆನ್ನಿನಿಂದ ಬಾಯಿಯವರೆಗಿನ ಅಗಲ 16 ಮಿ.ಮೀ. ಇದ್ದರೆ ಬೆನ್ನು ಸುಮಾರು 4ರಿಂದ 4.5 ಮಿ.ಮೀ. ಇರಬೇಕು, ಆಗ ಬಾಯಿಯ ಎರಡು ಮಗ್ಗುಲುಗಳ ನಡುವಿನ ಕೋನ 14ರಿಂದ 16 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಅಷ್ಟೇ ಅಗಲಕ್ಕೆ ಬೆನ್ನು 6 ಮಿ.ಮೀ. ಇದ್ದರೆ ಕೋನ 21 ಡಿಗ್ರಿಯನ್ನು ದಾಟುತ್ತದೆ, ಅಂಥ ಕತ್ತಿ ಅಡುಗೆಮನೆಯ ಚಾಕುವಿನಂತೆ ಕೊಯ್ಯಬಹುದೇ ಹೊರತು ಗಡ್ಡವನ್ನು ಹಿತವಾಗಿ ತೆಗೆಯಲಾರದು. ವರ್ನಿಯರ್ ಕ್ಯಾಲಿಪರ್ ಇದ್ದರೆ ಎರಡು ನಿಮಿಷದ ಕೆಲಸ.

ಎರಡನೆಯದು ಅಲಗಿನ ನೇರ. ಒಂದು ದಪ್ಪ ಗಾಜಿನ ಅಂಚಿನಲ್ಲಿ ಅಲಗನ್ನು ಮಲಗಿಸಿ. ಬಾಲದ (ಹಿಡಿಗೆ ಸೇರುವ ತುದಿಯ) ಕಡೆಯ ದಪ್ಪ ಭಾಗ ಗಾಜಿನ ಆಚೆಗಿರಲಿ, ಇಲ್ಲದಿದ್ದರೆ ಅದೇ ಅಲಗನ್ನು ಎತ್ತಿಹಿಡಿದು ತಪ್ಪು ಲೆಕ್ಕ ತೋರಿಸುತ್ತದೆ. ಹಿಂದಿನಿಂದ ಬೆಳಕು ಬರುವಂತೆ ಕುಳಿತು ಬಾಯಿಯ ಕೆಳಗೆ ಕಣ್ಣಾಡಿಸಿ, ಆಮೇಲೆ ಮಗ್ಗುಲು ಬದಲಾಯಿಸಿ ನೋಡಿ. ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅಲಗು ಕುಂಟುವ ಮಣೆಯಂತೆ ತೂಗಿದರೆ ಅದು ತಿರುಚಿಕೊಂಡಿದೆ.

ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಮಾರ್ಕರ್ ಪೆನ್ನಿನ ಪರೀಕ್ಷೆ. ಬಾಯಿಯ ಎರಡೂ ಕಡೆಗೆ ಉದ್ದಕ್ಕೂ ಶಾಯಿ ಬಳಿದು, ಗಾಜಿನ ಮೇಲೆ ಅಂಟಿಸಿದ ಅತಿ ನುಣುಪಾದ ಉಜ್ಜುಕಾಗದದ ಮೇಲೆ ಬೆನ್ನನ್ನು ಎತ್ತದೆ, ಬೆನ್ನೇ ಮುಂದಾಗಿ ಬಾಯಿ ಹಿಂದೆ ಬರುವಂತೆ, ಭಾರ ಹಾಕದೆ ಎರಡು ಸಲ ಎಳೆಯಿರಿ. ಶಾಯಿ ಎಲ್ಲಿ ಅಳಿಯಿತು, ಎಲ್ಲಿ ಉಳಿಯಿತು ಎಂಬುದು ಅಲಗಿನ ಒಳಗುಟ್ಟನ್ನೆಲ್ಲ ಹೇಳುತ್ತದೆ.

ಉತ್ತರ 2

ಹಿಂದಿನವರು ಹೇಳಿದ ಆಕಾರದ ಮಾತು ಸರಿ. ಆದರೆ ನನ್ನ ಅನುಭವದಲ್ಲಿ ಅಗ್ಗದ ಕತ್ತಿ ಕೊನೆಗೆ ಸೋಲುವುದು ಉಕ್ಕಿನಲ್ಲಿ.

ನಾನು ಮೊದಲು ಕೊಂಡ ಕತ್ತಿಯ ಆಕಾರದಲ್ಲಿ ಕುಂದಿರಲಿಲ್ಲ. ಮೂರು ಸಂಜೆ ಕೂತು ಮಸೆದೆ, ಬಾಯಿ ಬಂತು, ಚರ್ಮದ ಪಟ್ಟಿಯ ಮೇಲೆ ಅರವತ್ತು ಸಲ ಆಡಿಸಿದೆ. ಬಲಗೆನ್ನೆ ಬೆಣ್ಣೆಯಂತೆ ಸಾಗಿತು. ಎಡಗೆನ್ನೆಗೆ ಬರುವಷ್ಟರಲ್ಲಿ ಜಗ್ಗತೊಡಗಿತು. ತೊಳೆದು, ಒರೆಸಿ, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದಾಗ ಬಾಯಿಯ ನಡುಭಾಗ ಒಣಗಿದ ಹುಲ್ಲಿನ ಎಸಳಿನಂತೆ ಒಂದು ಕಡೆಗೆ ವಾಲಿತ್ತು. ಮತ್ತೆ ಮಸೆದೆ, ಮತ್ತೆ ವಾಲಿತು. ಆ ಕತ್ತಿಯ ಮೇಲೆ ಕಳೆದ ಸಂಜೆಗಳ ಬಗ್ಗೆ ನನಗೆ ಈಗಲೂ ಬೇಸರವಿದೆ, ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕ್ಷೌರದ ಕತ್ತಿಗೆ ಸಾಮಾನ್ಯವಾಗಿ ಬಳಸುವುದು ಶೇಕಡಾ 1ರ ಆಸುಪಾಸಿನಲ್ಲಿ ಇಂಗಾಲವಿರುವ ಉಕ್ಕು. ಅದನ್ನು ಕಾಸಿ, ತಣಿಸಿ, ಹದಗೊಳಿಸಿದಾಗ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 62ರವರೆಗೆ ಗಡಸುತನ ಬರಬೇಕು. ಹಾಗೆಂದು ‘ಸ್ಟೇನ್‌ಲೆಸ್’ ಎಂಬ ಪದ ನೋಡಿಯೇ ಗಾಬರಿಯಾಗಬೇಡಿ. ತುಕ್ಕು ಹಿಡಿಯದ ಉಕ್ಕಿನಲ್ಲಿಯೂ ಉತ್ತಮ ಕತ್ತಿಗಳಿವೆ. ಜರ್ಮನಿಯ ಹೆಂಕೆಲ್ಸ್ ಅವರ ‘ಫ್ರಿಯೊದೂರ್’ ಅಂಥದ್ದೇ. ತೊಂದರೆಯಿರುವುದು ಚಮಚ, ಫೋರ್ಕುಗಳಿಗೆ ಸಾಲುವಂಥ ಮೆದು ಉಕ್ಕನ್ನು ಕತ್ತಿಯ ಆಕಾರಕ್ಕೆ ಕತ್ತರಿಸಿ ಹೊಳಪು ಕೊಟ್ಟಾಗ.

ಗಡಸುತನ ತಿಳಿಯಲು ಅರದಿಂದ ಉಜ್ಜಿ ನೋಡುವವರಿದ್ದಾರೆ, ದಯವಿಟ್ಟು ಬೇಡ. 1000 ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ನುಣುಪಿನ ಅಂಕ, ಹೆಚ್ಚಿದಷ್ಟೂ ನುಣುಪು) ಒಂದೇ ಕಲ್ಲು ಸಾಕು. ಮೆದು ಉಕ್ಕಾದರೆ ಬಾಯಿಯ ಉದ್ದಕ್ಕೂ ಲೋಹದ ತೆಳು ಸಿಗುರು ಏಳುತ್ತದೆ. ಅತ್ತಿತ್ತ ಒಂದೊಂದೇ ಎಳೆತ ಹಗುರವಾಗಿ ಮಸೆದರೂ ಅದು ಉದುರದೆ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಹೊರಳುತ್ತಲೇ ಇರುತ್ತದೆ. ಹದ ತಪ್ಪಿ ತೀರಾ ಪೆಡಸಾಗಿದ್ದರೆ ಬಾಯಿ ಅಲ್ಲಲ್ಲಿ ಚಕ್ಕೆ ಏಳುತ್ತದೆ. ಒಳ್ಳೆಯ ಉಕ್ಕಿನಲ್ಲಿ ಸಿಗುರು ಬೇಗ ಹೋಗಿ, ಭೂತಗನ್ನಡಿಯಲ್ಲಿ ಬಾಯಿ ಒಂದೇ ಸಮನಾದ ಗೆರೆಯಾಗಿ ಕಾಣುತ್ತದೆ.

ಉತ್ತರ 3

ಕತ್ತಿಯನ್ನು ನಿಧಾನವಾಗಿ ಮಡಚಿ ನೋಡಿದ್ದೀರಾ? ಅಲಗು ಹಿಡಿಯ ಎರಡು ಹೋಳುಗಳ ನಟ್ಟನಡುವೆ ಇಳಿಯಬೇಕು. ಒಂದು ಕಡೆಗೆ ವಾಲಿ ಬಾಯಿ ಹಿಡಿಗೆ ಸವರುತ್ತಿದ್ದರೆ ನೀವು ಎಷ್ಟು ಚೆನ್ನಾಗಿ ಮಸೆದರೂ ಪ್ರತಿ ಸಲ ಮಡಚುವಾಗ ಆ ಶ್ರಮ ಹಾಳಾಗುತ್ತದೆ. ಪಿನ್ನು ಸಡಿಲವಾಗಿದ್ದರೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ಬಡಿದು ಬಿಗಿ ಮಾಡಬಹುದು, ಅದೇನೂ ದೊಡ್ಡ ದೋಷವಲ್ಲ.

ಈ ಕತ್ತಿ ಕೈಕೊಟ್ಟರೆ ಇದೇ ಬಗೆಯ ಇನ್ನೊಂದು ಹೊಸದನ್ನು ಕೊಳ್ಳುವ ಬದಲು ಹಳೆಯದೊಂದನ್ನು ಹುಡುಕುವುದು ಮೇಲು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೆರ್ ಊರುಗಳಲ್ಲಿ ಮಾಡಿದ ಹಳೆಯ ಕತ್ತಿಗಳು ಇಂದಿಗೂ ಓಡಾಡುತ್ತಿವೆ. ಜೋಲಿಂಗೆನ್ ಎಂಬ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯೂ ಇದೆ. ಆದರೆ ಹಳೆಯದರಲ್ಲಿ ಬಾಯಿಯ ಹತ್ತಿರ ತುಕ್ಕು ಕೊರೆದ ಕಪ್ಪು ಚುಕ್ಕೆಗಳಿದ್ದರೆ ಕೊಳ್ಳಬೇಡಿ. ಬೆನ್ನಿನ ಮೇಲಿನ ತುಕ್ಕನ್ನು ಲೆಕ್ಕಿಸಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇವತ್ತು ಅಳೆದು ನೋಡಿದೆ: ಅಗಲ 15.5, ಬೆನ್ನು 4.2 ಮಿ.ಮೀ. ಮಡಚಿದಾಗ ಅಲಗು ನಡುವಿಗೇ ಬರುತ್ತದೆ. ಆದರೆ ಶಾಯಿಯ ಪರೀಕ್ಷೆಯಲ್ಲಿ ಒಂದು ಮಗ್ಗುಲಲ್ಲಿ ನಡುಭಾಗದಲ್ಲಿ ಎರಡು ಬೆರಳಿನಷ್ಟು ಶಾಯಿ ಉಳಿಯಿತು; ಇನ್ನೊಂದು ಮಗ್ಗುಲಲ್ಲಿ ನಡು ಅಳಿದು ಎರಡು ತುದಿಗಳಲ್ಲಿ ಉಳಿಯಿತು. ಗಾಜಿನ ಮೇಲೆ ತೂಗುವುದು ಕೈಗೆ ತಿಳಿಯುವಷ್ಟಿಲ್ಲ.

ಉತ್ತರ 1 ಬರೆದವರಿಂದ

ಕೋನ ಸರಿಯಾಗಿದೆ. ಶಾಯಿ ಹೀಗೆ ಉಳಿದಿದ್ದರೆ ಅಲಗು ಉದ್ದಕ್ಕೆ ಸ್ವಲ್ಪ ಬಾಗಿದೆ ಎಂದರ್ಥ: ನಡುವೆ ಶಾಯಿ ಉಳಿದದ್ದು ತಗ್ಗಾದ ಮಗ್ಗುಲು, ತುದಿಗಳಲ್ಲಿ ಉಳಿದದ್ದು ಉಬ್ಬಿದ ಮಗ್ಗುಲು. ಗಾಜಿನ ಮೇಲೆ ತೂಗದಷ್ಟು ಸಣ್ಣ ಬಾಗು ಬೆಲೆಬಾಳುವ ಕತ್ತಿಗಳಲ್ಲಿಯೂ ಇರುತ್ತದೆ, ಅದಕ್ಕಾಗಿ ಕತ್ತಿಯನ್ನು ಎಸೆಯಬೇಕಿಲ್ಲ. ಅಗಲವಾದ ಕಲ್ಲು ತಗ್ಗಿನೊಳಕ್ಕೆ ಇಳಿಯುವುದಿಲ್ಲವಾದ್ದರಿಂದ 25 ಮಿ.ಮೀ. ಅಗಲದ ಕಿರಿದಾದ ಕಲ್ಲನ್ನು ತೆಗೆದುಕೊಳ್ಳಿ; ಬಾಲದ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಎಳೆಯುತ್ತ, ಉಬ್ಬಿದ ಮಗ್ಗುಲಲ್ಲಿ ಅಲಗನ್ನು ತುಸುವೇ ಹೊರಳಿಸುತ್ತ ಮಸೆಯಿರಿ. ಸದ್ಯಕ್ಕೆ 1000 ಗ್ರಿಟ್‌ನ ಒಂದು ಕಲ್ಲು ಮಾತ್ರ ಸಾಕು. ಸಿಗುರು ಉದುರಿ ಬಾಯಿ ನೇರವಾಗಿ ನಿಂತರೆ ಆಗ 4000, 8000, 12000ದ ಕಲ್ಲುಗಳ ಬಗ್ಗೆ ಮಾತಾಡೋಣ. ಎರಡನೇ ಉತ್ತರದಲ್ಲಿ ಹೇಳಿದಂತೆ ಸಿಗುರು ಹೊರಳುತ್ತಲೇ ಉಳಿದರೆ ಅಲ್ಲಿಗೇ ನಿಲ್ಲಿಸಿ. ಆ ಕಲ್ಲು ಮುಂದಿನ ಕತ್ತಿಗೆ ಬರುತ್ತದೆ.