ಭೂರಕ್ಷಣೆಯ ಬಾಹ್ಯಾಕಾಶ ಕಾದಂಬರಿ: ದಂಡನಾಯಕಿ ಕೊಡಚಾದ್ರಿಯಲ್ಲಿ ಕುಳಿತು ಯುದ್ಧ ನಡೆಸಬಹುದೇ?

ಸಾಗರದ ಬರಹಗಾರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಭೂಮಿಯ ಮೇಲೆ ದಂಡೆತ್ತಿ ಬರುವ ಅನ್ಯಲೋಕದ ಸೇನೆಯನ್ನು ನಮ್ಮ ನೌಕಾಪಡೆ ಗುರುಗ್ರಹದ ಬಳಿಯೇ ತಡೆಯುವ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಪಡೆಯ ದಂಡನಾಯಕಿ ಹೊಸನಗರದವಳು. ಕೊಡಚಾದ್ರಿಯ ಬುಡದಲ್ಲಿ ನೆಲದೊಳಗೆ ಕಟ್ಟಿದ ಕೇಂದ್ರದಲ್ಲಿ ಕುಳಿತು ಆಕೆ ಪ್ರತಿಯೊಂದು ನೌಕೆಗೂ ಆಜ್ಞೆ ಕೊಡುತ್ತಾಳೆ. ನಮ್ಮ ಮಲೆನಾಡಿನಿಂದಲೇ ಭೂಮಿಯನ್ನು ಕಾಯುವ ಈ ಕಲ್ಪನೆಯನ್ನು ಬಿಡಲು ನನಗೆ ಮನಸ್ಸಿಲ್ಲ. ವಿಜ್ಞಾನ ಬಲ್ಲ ಓದುಗರು ಈ ಏರ್ಪಾಡನ್ನು ಒಪ್ಪುವರೇ?

ಶಿವಮೊಗ್ಗದ ಭೌತಶಾಸ್ತ್ರ ಅಧ್ಯಾಪಕಿ:
ಕೇಂದ್ರವನ್ನು ಒಪ್ಪಬಹುದು, ಆಜ್ಞೆಯನ್ನು ಒಪ್ಪಲಾಗದು. ರೇಡಿಯೋ ಸಂಕೇತವು ಬೆಳಕಿನ ವೇಗದಲ್ಲಿ ಹೋದರೂ ಭೂಮಿಯಿಂದ ಗುರುಗ್ರಹವನ್ನು ತಲುಪಲು, ಎರಡೂ ಗ್ರಹಗಳು ಎಲ್ಲಿವೆ ಎಂಬುದನ್ನು ಅನುಸರಿಸಿ, ಸುಮಾರು 33ರಿಂದ 54 ನಿಮಿಷ ಬೇಕು. ಆಕೆ ಪರದೆಯ ಮೇಲೆ ಕಾಣುವ ಯುದ್ಧ ಆಗಲೇ ಹಳತಾಗಿರುತ್ತದೆ, ಆಕೆಯ ಉತ್ತರ ಅಲ್ಲಿಗೆ ಮುಟ್ಟುವ ಹೊತ್ತಿಗೆ ಒಟ್ಟು ಒಂದು ಗಂಟೆಗಿಂತ ಹೆಚ್ಚು ಕಳೆದಿರುತ್ತದೆ. ಆದ್ದರಿಂದ ಆಕೆ ಮಾಡಬಹುದಾದದ್ದು, ಶತ್ರು ಹೀಗೆ ನಡೆದರೆ ಹೀಗೆ, ಹಾಗೆ ನಡೆದರೆ ಹಾಗೆ ಎಂದು ಮುಂಚಿತವಾಗಿಯೇ ಆದೇಶಗಳನ್ನು ಬರೆದುಕೊಟ್ಟು, ಉಳಿದದ್ದನ್ನು ನೌಕೆಗಳ ಕಪ್ತಾನರ ವಿವೇಕಕ್ಕೆ ಬಿಡುವುದು. ದಯವಿಟ್ಟು ಇದನ್ನು ಅಡಚಣೆ ಎಂದು ಭಾವಿಸಬೇಡಿ. ತಾನು ಕಳಿಸಿದವರು ಬದುಕಿದ್ದಾರೋ ಇಲ್ಲವೋ ಎಂಬುದು ಆಗಲೇ ತೀರ್ಮಾನವಾಗಿದ್ದರೂ ಅದನ್ನು ತಿಳಿಯಲು ಮುಕ್ಕಾಲು ಗಂಟೆ ಕಾಯಬೇಕಾದ ದಂಡನಾಯಕಿಯ ಅಧ್ಯಾಯವನ್ನು ನಾನಂತೂ ಉಸಿರು ಬಿಗಿಹಿಡಿದು ಓದುತ್ತೇನೆ.

ತೀರ್ಥಹಳ್ಳಿಯ ಎಂಜಿನಿಯರ್:
ನೆಲದೊಳಗಿನ ಕೇಂದ್ರ ನಮ್ಮ ಕಡೆಗೆ ಹೊಸದೇನಲ್ಲ. ವಾರಾಹಿ ಯೋಜನೆಯ ವಿದ್ಯುದಾಗಾರ ಹೊಸಂಗಡಿಯಲ್ಲಿ ಭೂಗತವಾಗಿಯೇ ಇದೆ. ತೊಡಕಿರುವುದು ಆಂಟೆನಾದಲ್ಲಿ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ವ್ಯಾಸದ ಆಂಟೆನಾ ಇರುವ ಜಾಗ ಬಟ್ಟಲಿನ ಆಕಾರದಲ್ಲಿದ್ದು, ಸುತ್ತಲಿನ ದಿಬ್ಬಗಳು ಹೊರಗಿನ ರೇಡಿಯೋ ಗದ್ದಲವನ್ನು ತಡೆಯುತ್ತವೆ. ಅಂತಹ ಕಣಿವೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ, ಆದರೆ ಹೆಚ್ಚು ಮಾಹಿತಿ ಹೊರುವ ಉನ್ನತ ಆವರ್ತನದ ಅಲೆಗಳನ್ನು ಜೋರು ಮಳೆ ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಆಗುಂಬೆ, ಹುಲಿಕಲ್ಲಿನ ಮಳೆಯನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಆಂಟೆನಾವನ್ನು ಚಿತ್ರದುರ್ಗದ ಬಯಲಿನಲ್ಲಿಟ್ಟು ಕೇಂದ್ರಕ್ಕೆ ನೆಲದಡಿಯ ಕೇಬಲ್ ಎಳೆಯಿರಿ. ಭೂಮಿ ತಿರುಗುವುದರಿಂದ ಒಂದೇ ಊರಿನಿಂದ ಗುರುಗ್ರಹ ಇಡೀ ದಿನ ಕಾಣುವುದೂ ಇಲ್ಲ. ನಾಸಾ ಈ ಕಾರಣಕ್ಕಾಗಿಯೇ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಎಂದು ಮೂರು ಕಡೆ ನಿಲ್ದಾಣಗಳನ್ನು ಇಟ್ಟುಕೊಂಡಿದೆ. ಹೊರದೇಶದ ನಿಲ್ದಾಣಗಳ ಸಹಕಾರವಿಲ್ಲದೆ ನಿಮ್ಮ ದಂಡನಾಯಕಿ ಅರ್ಧ ದಿನ ಕುರುಡಿಯೇ.

ಕೊಪ್ಪದ ಓದುಗ:
ನನ್ನ ಆಕ್ಷೇಪ ಇದಕ್ಕಿಂತ ಮೊದಲಿನದು. ಶತ್ರು ಗುರುಗ್ರಹದ ದಾರಿಯಲ್ಲೇ ಏಕೆ ಬರಬೇಕು? ಹೊರಗಿನ ನಕ್ಷತ್ರಲೋಕದಿಂದ ಬಂದದ್ದೆಂದು ಗುರುತಿಸಲಾದ ಮೊದಲ ಕಾಯವಾದ ಔಮುವಾಮುವಾ ಗ್ರಹಗಳು ಸುತ್ತುವ ಸಮತಲದ ಮೇಲಿನಿಂದ ಇಳಿದು ಬಂತು. 2017ರ ಅಕ್ಟೋಬರ್ 19ರಂದು ಅದು ಕಣ್ಣಿಗೆ ಬೀಳುವಷ್ಟರಲ್ಲಿ ಸೂರ್ಯನನ್ನು ಸುತ್ತಿಕೊಂಡು ಹೊರಟೇಬಿಟ್ಟಿತ್ತು. ಶತ್ರುವನ್ನು ಭೂಮಿಯ ಹತ್ತಿರ ಅಣುಬಾಂಬಿನಿಂದ ಎದುರಿಸುವ ಯೋಚನೆ ಇದ್ದರೆ ಅದನ್ನೂ ತೂಗಿ ನೋಡಿ: 1962ರ ಜುಲೈನಲ್ಲಿ ಅಮೆರಿಕ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸಿಡಿಸಿದ ಒಂದು ಬಾಂಬು ದೂರದ ಹವಾಯಿಯಲ್ಲಿ ಬೀದಿದೀಪಗಳನ್ನು ಆರಿಸಿದ್ದಲ್ಲದೆ, ಅದು ಉಳಿಸಿದ ವಿಕಿರಣದಿಂದ ಹಲವು ಉಪಗ್ರಹಗಳು ಕೆಟ್ಟವು.

ಸಾಗರದ ಬರಹಗಾರ:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಆಂಟೆನಾವನ್ನು ಬಯಲುಸೀಮೆಗೆ ಸಾಗಿಸುತ್ತೇನೆ, ಕಪ್ತಾನರಿಗೆ ಅಧಿಕಾರ ಕೊಡುತ್ತೇನೆ. ಕೊಪ್ಪದವರ ಮಾತಿಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ: ಗುರುಗ್ರಹದ ಚಂದ್ರ ಯೂರೋಪದ ಮಂಜುಗಡ್ಡೆಯ ಕೆಳಗಿರುವ ನೀರಿಗಾಗಿಯೇ ಶತ್ರು ಅಲ್ಲಿಗೆ ಮೊದಲು ಬರುತ್ತಾನೆ ಎಂದು ಬರೆದರೆ ನಂಬುವಿರಾ?