ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ದೊಡ್ಡಪ್ಪನ ಮರಣ ದಾಖಲೆಯನ್ನು ಬೆಂಗಳೂರಿನಿಂದ ಪಡೆಯುವುದು ಹೇಗೆ?

ಪ್ರಶ್ನೆ: ಜಯನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿರುವ ನಮ್ಮ ಮನೆಯ ಖಾತೆ ನನ್ನ ತಂದೆ ಹಾಗೂ ಅವರ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಇಬ್ಬರ ಹೆಸರಿನಲ್ಲೂ ಜಂಟಿಯಾಗಿದೆ. ದೊಡ್ಡಪ್ಪ 1970ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿದರು, ಮದುವೆಯಾಗಲಿಲ್ಲ. 1991ರ ಕೊನೆಯಲ್ಲೋ 1992ರ ಆರಂಭದಲ್ಲೋ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಆಗ ಅವರ ಸ್ನೇಹಿತರೊಬ್ಬರು ಬರೆದ ಪತ್ರವನ್ನು ಬಿಟ್ಟರೆ ನಮ್ಮ ಬಳಿ ಬೇರೆ ಯಾವ ದಾಖಲೆಯೂ ಇಲ್ಲ, ಮತ್ತು ಆ ಪತ್ರದಲ್ಲಿ ದಿನಾಂಕವಿಲ್ಲ. ಅವರು ಸ್ಯಾನ್ ಹೋಸೆ ನಗರದಲ್ಲಿ ವಾಸವಿದ್ದರು ಎಂಬುದು ಮಾತ್ರ ಖಚಿತ.

ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರ ಬೇಕೇ ಬೇಕು. ತಂದೆಯವರಿಗೆ ಎಂಬತ್ತು ದಾಟಿದೆ, ಅವರು ಗಟ್ಟಿಯಾಗಿರುವಾಗಲೇ ಈ ಕೆಲಸ ಮುಗಿಯಲಿ ಎಂಬುದು ನನ್ನ ಆಸೆ. ಅದಲ್ಲದೆ ನಮ್ಮ ಮನೆತನದ ವಂಶಾವಳಿಯನ್ನು ಬರೆದಿಡುತ್ತಿದ್ದೇನೆ, ಅದರಲ್ಲಿ ದೊಡ್ಡಪ್ಪನ ಕೊನೆಯ ದಿನಗಳ ಜಾಗ ಖಾಲಿಯಾಗಿದೆ. ಅಲ್ಲಿನ ಕೌಂಟಿ ಕಚೇರಿಗೆ ನಾನೇ ಅರ್ಜಿ ಹಾಕಬಹುದೇ? ಬಂದ ಪತ್ರವನ್ನು ಇಲ್ಲಿನ ಕಚೇರಿಗಳು ಒಪ್ಪುತ್ತವೆಯೇ?

ಉತ್ತರ: ವಂಶಾವಳಿ ಆಸಕ್ತ, ಮಲ್ಲೇಶ್ವರ

ಅರ್ಜಿಗೆ ಮೊದಲು ಎರಡು ವಿಷಯ ಗೊತ್ತಾಗಬೇಕು: ಮರಣದ ದಿನಾಂಕ ಮತ್ತು ಮರಣ ಸಂಭವಿಸಿದ ಕೌಂಟಿ. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ, ಕ್ಯಾಲಿಫೋರ್ನಿಯಾದಲ್ಲಿ ಅಂಥವು 58 ಇವೆ. ಸ್ಯಾನ್ ಹೋಸೆ ಇರುವುದು ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ. ಆದರೆ ಮರಣ ನೋಂದಣಿಯಾಗುವುದು ವ್ಯಕ್ತಿ ವಾಸವಿದ್ದ ಊರಿನಲ್ಲಲ್ಲ, ಕೊನೆಯುಸಿರೆಳೆದ ಊರಿನಲ್ಲಿ. ಅವರನ್ನು ಚಿಕಿತ್ಸೆಗೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಸೇರಿಸಿದ್ದರೆ ದಾಖಲೆ ಅಲ್ಲಿರುತ್ತದೆ, ಏಕೆಂದರೆ ಆ ನಗರವೇ ಒಂದು ಪ್ರತ್ಯೇಕ ಕೌಂಟಿ. ಸಮೀಪದ ಫ್ರೀಮಾಂಟ್ ಕೂಡ ಅಲಮೀಡಾ ಎಂಬ ಬೇರೆ ಕೌಂಟಿಗೆ ಸೇರಿದ್ದು. ತಪ್ಪು ಕೌಂಟಿಗೆ ಬರೆದರೆ ‘ಇಂತಹ ದಾಖಲೆ ಇಲ್ಲ’ ಎಂಬ ಹಿಂಬರಹ ಬರುತ್ತದೆ, ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲ.

ನಿಮ್ಮ ಅದೃಷ್ಟಕ್ಕೆ, 1940ರಿಂದ 1997ರವರೆಗಿನ ಕ್ಯಾಲಿಫೋರ್ನಿಯಾ ಮರಣ ಸೂಚಿ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಹೆಸರು, ಹುಟ್ಟಿದ ದಿನ, ಹುಟ್ಟಿದ ಸ್ಥಳ, ಮರಣದ ದಿನ ಮತ್ತು ಕೌಂಟಿಯ ಹೆಸರು ಇರುತ್ತವೆ. ಅದೇ ತಾಣದಲ್ಲಿ ಸೋಷಿಯಲ್ ಸೆಕ್ಯುರಿಟಿ, ಅಂದರೆ ಅಮೆರಿಕದ ಸರ್ಕಾರಿ ಪಿಂಚಣಿ ವ್ಯವಸ್ಥೆಯ, ಮರಣ ಸೂಚಿಯೂ ಇದೆ. ಅವರು ಅಲ್ಲಿ ಉದ್ಯೋಗದಲ್ಲಿದ್ದಿದ್ದರೆ ಅದರಲ್ಲೂ ಹುಡುಕುವುದು ಒಳ್ಳೆಯದು.

ಹುಡುಕಾಟದಲ್ಲಿ ತೊಡಕಾಗುವುದು ನಮ್ಮವರ ಹೆಸರುಗಳೇ. ಊರಿನ ಹೆಸರು ಮತ್ತು ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಇಟ್ಟುಕೊಂಡು ಹೋದವರ ವಿಷಯದಲ್ಲಿ, ಅಲ್ಲಿನ ದಾಖಲೆಯ ಕುಲನಾಮದ ಜಾಗದಲ್ಲಿ ಕೆಲವೊಮ್ಮೆ ತಂದೆಯ ಹೆಸರು, ಕೆಲವೊಮ್ಮೆ ಊರಿನ ಹೆಸರು, ಇನ್ನು ಕೆಲವೊಮ್ಮೆ ಅವರ ಸ್ವಂತ ಹೆಸರೇ ಕುಳಿತಿರುತ್ತದೆ. ‘ಮೂರ್ತಿ’ಯಂತಹ ಹೆಸರಿಗೆ ಇಂಗ್ಲಿಷಿನಲ್ಲಿ ಮೂರ್ನಾಲ್ಕು ಕಾಗುಣಿತಗಳಿವೆ. ಆದ್ದರಿಂದ ಕುಲನಾಮವನ್ನು ಖಾಲಿ ಬಿಟ್ಟು, ಹುಟ್ಟಿದ ವರ್ಷ ಮತ್ತು ಮರಣದ ವರ್ಷಗಳನ್ನಷ್ಟೇ ಕೊಟ್ಟು ಹುಡುಕಿ ನೋಡಿ. ಹಳೆಯ ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಅವರು ಬರೆದ ಏರೋಗ್ರಾಮ್‌ಗಳ ಹಿಂಬದಿಯ ವಿಳಾಸ ಮನೆಯಲ್ಲಿದ್ದರೆ, ಅಲ್ಲಿ ಅವರು ತಮ್ಮ ಹೆಸರನ್ನು ಹೇಗೆ ಬರೆದುಕೊಳ್ಳುತ್ತಿದ್ದರು ಎಂಬುದು ಗೊತ್ತಾಗುತ್ತದೆ. ಸೂಚಿಯ ಮುದ್ರಿತ ಪ್ರತಿ ವಂಶಾವಳಿಗೆ ಸಾಕು, ಖಾತೆಗೆ ಸಾಲದು.

ಉತ್ತರ: ಸನ್ನಿವೇಲ್ ಕನ್ನಡತಿ

ಮೇಲಿನವರು ಹೇಳಿದ್ದಕ್ಕೆ ಅರ್ಜಿಯ ಭಾಗವನ್ನು ಸೇರಿಸುತ್ತೇನೆ. ಇತ್ತೀಚಿನ ಮರಣಗಳ ಪ್ರಮಾಣಪತ್ರವನ್ನು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯ ಆರೋಗ್ಯ ಇಲಾಖೆ ಕೊಡುತ್ತದೆ. ನಿಮ್ಮದು ಮೂವತ್ತು ವರ್ಷಕ್ಕೂ ಹಳೆಯದಾದ್ದರಿಂದ ಕೌಂಟಿ ಕ್ಲರ್ಕ್-ರೆಕಾರ್ಡರ್ ಕಚೇರಿಗೆ ಬರೆಯಬೇಕು. ಸ್ಯಾಂಟಾ ಕ್ಲಾರಾ ಕೌಂಟಿಯದಾದರೆ ಆ ಕಚೇರಿ ಸ್ಯಾನ್ ಹೋಸೆಯಲ್ಲೇ ಇದೆ.

ಕ್ಯಾಲಿಫೋರ್ನಿಯಾದಲ್ಲಿ ಎರಡು ಬಗೆಯ ಪ್ರತಿಗಳಿವೆ. ಮಾಹಿತಿ ಪ್ರತಿಯನ್ನು ಯಾರು ಬೇಕಾದರೂ ಪಡೆಯಬಹುದು, ಆದರೆ ಗುರುತನ್ನು ಸಾಬೀತುಪಡಿಸಲು ಇದು ಮಾನ್ಯ ದಾಖಲೆಯಲ್ಲ ಎಂಬ ಒಕ್ಕಣೆ ಅದರ ಮೇಲೆ ದೊಡ್ಡದಾಗಿ ಮುದ್ರಿತವಾಗಿರುತ್ತದೆ. ಅಧಿಕೃತ ಪ್ರತಿ ಸಿಗುವುದು ಕಾನೂನು ಹೆಸರಿಸಿರುವ ಹತ್ತಿರದವರಿಗೆ ಮಾತ್ರ: ತಂದೆತಾಯಿ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು, ಪತಿ ಅಥವಾ ಪತ್ನಿ, ಮೃತರ ಆಸ್ತಿಯ ಪರವಾಗಿರುವ ವಕೀಲರು ಮುಂತಾದವರು. ಈ ಪಟ್ಟಿಯಲ್ಲಿ ಅಣ್ಣತಮ್ಮಂದಿರ ಮಕ್ಕಳು ಇಲ್ಲ. ಆದ್ದರಿಂದ ಅರ್ಜಿಯನ್ನು ನೀವು ಹಾಕಬೇಡಿ, ನಿಮ್ಮ ತಂದೆಯವರ ಹೆಸರಿನಲ್ಲಿ, ಅವರ ಸಹಿಯೊಂದಿಗೆ ಹಾಕಿಸಿ. ಇದನ್ನು ಒತ್ತಿ ಹೇಳುತ್ತಿರುವುದು ಏಕೆಂದರೆ, ಅವರ ಕಾಲಾನಂತರ ಇದೇ ಪತ್ರವನ್ನು ಪಡೆಯುವುದು ನಿಮಗೆ ಬಹಳ ಕಷ್ಟವಾಗುತ್ತದೆ.

ಅಂಚೆಯಲ್ಲಿ ಅರ್ಜಿ ಕಳುಹಿಸುವವರು ತಮಗೂ ಮೃತರಿಗೂ ಇರುವ ಸಂಬಂಧದ ಬಗ್ಗೆ ಪ್ರಮಾಣ ಮಾಡಿದ ಹೇಳಿಕೆಯನ್ನು ನೋಟರಿಯ ಮುಂದೆ ಸಹಿ ಮಾಡಿ ಲಗತ್ತಿಸಬೇಕು. ಚೆನ್ನೈನಲ್ಲಿರುವ ಅಮೆರಿಕದ ಕಾನ್ಸುಲೇಟ್ ಮುಂಗಡ ಸಮಯ ಕಾಯ್ದಿರಿಸಿದವರಿಗೆ ನೋಟರಿ ಸೇವೆ ಕೊಡುತ್ತದೆ, ಪ್ರತಿ ಮುದ್ರೆಗೆ 50 ಡಾಲರ್. ಪ್ರಯಾಣ ತಂದೆಯವರಿಗೆ ಆಗದು ಎಂದಾದರೆ ಕ್ಯಾಲಿಫೋರ್ನಿಯಾದ ವಕೀಲರೊಬ್ಬರ ಮೂಲಕ ಹೋಗುವುದು ಮೇಲು.

ಒಂದೇ ಪ್ರತಿ ತರಿಸಬೇಡಿ, ಎರಡು ಮೂರು ತರಿಸಿ. ಅವು ಕೈಸೇರಿದ ಬಳಿಕ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್ ಮಾಡಿಸಬೇಕು, ಇದಕ್ಕೆ ತಲಾ 20 ಡಾಲರ್ ಶುಲ್ಕ. ಇದು 1961ರ ಹೇಗ್ ಒಪ್ಪಂದದ ಪ್ರಕಾರ ಒಂದು ದೇಶದ ಸಾರ್ವಜನಿಕ ದಾಖಲೆಯ ಸಹಿ ಮತ್ತು ಮುದ್ರೆ ಅಸಲಿ ಎಂದು ಇನ್ನೊಂದು ದೇಶಕ್ಕೆ ದೃಢಪಡಿಸುವ ವ್ಯವಸ್ಥೆ. ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ.

ಇದೆಲ್ಲ ಕ್ಯಾಲಿಫೋರ್ನಿಯಾದ ನಿಯಮ ಮಾತ್ರ ಎಂಬುದನ್ನು ಈ ಪ್ರಶ್ನೋತ್ತರವನ್ನು ಮುಂದೆ ಓದುವವರು ಗಮನಿಸಬೇಕು. ಟೆಕ್ಸಾಸ್‌ನಲ್ಲಿ 25 ವರ್ಷ ಕಳೆದ ಮರಣ ದಾಖಲೆ ಸಾರ್ವಜನಿಕವಾಗುತ್ತದೆ, ಫ್ಲಾರಿಡಾದಲ್ಲಿ ದಾಖಲೆ ತೆರೆದೇ ಇದ್ದರೂ ಮರಣದ ಕಾರಣವನ್ನು 50 ವರ್ಷ ಗೋಪ್ಯವಾಗಿಡುತ್ತಾರೆ.

ಉತ್ತರ: ವಕೀಲ, ಬಸವನಗುಡಿ

ಇಲ್ಲಿನ ಪಾಲಿಕೆಯಿಂದ ಮರಣ ಪ್ರಮಾಣಪತ್ರ ಸಿಗುವುದೇ ಎಂದು ಅಲೆಯುವ ಅಗತ್ಯವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಇಲ್ಲಿನ ನೋಂದಣಾಧಿಕಾರಿ ತನ್ನ ವ್ಯಾಪ್ತಿಯಲ್ಲಿ ಸಂಭವಿಸಿದ ಮರಣವನ್ನಷ್ಟೇ ದಾಖಲಿಸಬಲ್ಲರು. ನಿಮ್ಮ ದೊಡ್ಡಪ್ಪ ಕೊನೆಯವರೆಗೂ ಭಾರತದ ಪ್ರಜೆಯಾಗಿಯೇ ಉಳಿದಿದ್ದರೆ, ಸ್ಯಾನ್ ಫ್ರಾನ್ಸಿಸ್ಕೊದ ಭಾರತೀಯ ಕಾನ್ಸುಲೇಟ್‌ನಲ್ಲಿ ಅವರ ಮರಣ ನೋಂದಣಿಯಾಗಿರುವ ಸಾಧ್ಯತೆ ಉಂಟು, ಅಲ್ಲಿಯೂ ವಿಚಾರಿಸಿ.

ಆದರೆ ನನ್ನ ಮುಖ್ಯ ಮಾತು ಬೇರೆ. ನಿಮಗೆ ಬೇಕಾಗಿರುವುದು ಅವರು ತೀರಿಕೊಂಡಿದ್ದಾರೆ ಎಂಬುದಕ್ಕೆ ಸಾಕ್ಷಿ ಮಾತ್ರವಲ್ಲ, ಯಾವ ದಿನ ತೀರಿಕೊಂಡರು ಎಂಬುದಕ್ಕೆ ಕೂಡ. ಬೆಂಗಳೂರಿನ ಸ್ಥಿರಾಸ್ತಿಗೆ ಇಲ್ಲಿನ ಉತ್ತರಾಧಿಕಾರ ಕಾನೂನೇ ಅನ್ವಯಿಸುತ್ತದೆ. ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವಿವಾಹಿತನ ಮೊದಲ ದರ್ಜೆಯ ವಾರಸುದಾರಳು ಅವನ ತಾಯಿ. ಆ ದಿನ ನಿಮ್ಮ ಅಜ್ಜಿ ಬದುಕಿದ್ದರೇ? ನಿಮ್ಮ ತಂದೆಯವರಿಗೆ ಅಕ್ಕತಂಗಿಯರಿದ್ದಾರೆಯೇ? ಉಯಿಲಿನ ಬಗ್ಗೆಯೂ ಖಚಿತಪಡಿಸಿಕೊಳ್ಳಿ, ಆ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ಪ್ರೊಬೇಟ್ (ಉಯಿಲನ್ನು ನ್ಯಾಯಾಲಯ ದೃಢೀಕರಿಸುವ ಪ್ರಕ್ರಿಯೆ) ಕಡತ ಇದೆಯೇ ಎಂದು ಕೇಳಿ ತಿಳಿಯಬಹುದು.

ಜಯನಗರ ನಿವಾಸಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸೂಚಿಯಲ್ಲಿ ದೊಡ್ಡಪ್ಪನ ಹೆಸರು ಸಿಕ್ಕಿತು. ನಮ್ಮ ತಾತನ ಹೆಸರು ಕುಲನಾಮವಾಗಿ ದಾಖಲಾಗಿದೆ, ಕೌಂಟಿ ಸ್ಯಾಂಟಾ ಕ್ಲಾರಾ, ತಿಂಗಳು 1991ರ ಡಿಸೆಂಬರ್. ಹುಟ್ಟಿದ ದಿನವೂ ಅವರ ಅಂಕಪಟ್ಟಿಯಲ್ಲಿರುವುದಕ್ಕೆ ಸರಿಹೊಂದುತ್ತದೆ. ವಕೀಲರ ಪ್ರಶ್ನೆಗಳಿಗೆ ಉತ್ತರ: ತಾತ ಅದಕ್ಕೂ ಬಹಳ ಮೊದಲೇ ತೀರಿಕೊಂಡಿದ್ದರು, ಅಜ್ಜಿ 1992ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಇಬ್ಬರು ಸೋದರತ್ತೆಯರು. ಹಿರಿಯ ಅತ್ತೆ 1989ರಲ್ಲಿಯೇ ಹೋದರು, ಅವರಿಗೆ ಇಬ್ಬರು ಮಕ್ಕಳಿದ್ದಾರೆ.

ವಕೀಲ, ಬಸವನಗುಡಿ

ಹಾಗಾದರೆ ಆ ಎರಡು ತಿಂಗಳ ಅಂತರವೇ ನಿಮ್ಮ ಪ್ರಕರಣದ ತಿರುಳು. ಮಗನಿಗಿಂತ ತಾಯಿ ಹೆಚ್ಚು ಕಾಲ ಬದುಕಿದ್ದುದರಿಂದ ದೊಡ್ಡಪ್ಪನ ಅರ್ಧ ಭಾಗ ಪೂರ್ತಿಯಾಗಿ ಅಜ್ಜಿಗೆ ಬಂದಿತು. ಅಜ್ಜಿಯವರೂ ಉಯಿಲು ಬರೆದಿರದಿದ್ದರೆ, ಅವರ ನಂತರ ಆ ಭಾಗ ಮೂರು ಸಮಪಾಲಾಗಿ ನಿಮ್ಮ ತಂದೆಗೆ, ಕಿರಿಯ ಅತ್ತೆಗೆ ಮತ್ತು ತೀರಿಹೋದ ಹಿರಿಯ ಅತ್ತೆಯ ಮಕ್ಕಳಿಗೆ ಸೇರುತ್ತದೆ. ಅಜ್ಜಿ ಮೊದಲು ತೀರಿಕೊಂಡಿದ್ದರೆ ಬದುಕಿದ್ದ ನಿಮ್ಮ ತಂದೆ ಮತ್ತು ಕಿರಿಯ ಅತ್ತೆಗೆ ಮಾತ್ರ ಪಾಲು ಬರುತ್ತಿತ್ತು, ಹಿರಿಯ ಅತ್ತೆಯ ಮಕ್ಕಳಿಗೆ ಬರುತ್ತಿರಲಿಲ್ಲ.

ಆದ್ದರಿಂದ ಸ್ಯಾಂಟಾ ಕ್ಲಾರಾದ ಅಧಿಕೃತ ಪ್ರತಿಯ ಜೊತೆಗೆ ಅಜ್ಜಿಯವರ ಮರಣ ಪ್ರಮಾಣಪತ್ರವನ್ನೂ ತೆಗೆಸಿ. ಅದು ರಾಜ್ಯದ ಜನನ ಮರಣ ದಾಖಲೆಗಳ ಇ-ಜನ್ಮ ತಾಣದಲ್ಲಿ ಕಾಣದಿದ್ದರೆ ಅವರು ತೀರಿಕೊಂಡ ಪ್ರದೇಶದ ನೋಂದಣಾಧಿಕಾರಿಯ ಕಚೇರಿಯಲ್ಲಿ 1992ರ ಪುಸ್ತಕವನ್ನು ಹುಡುಕಿಸಬೇಕು. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಅಜ್ಜಿಯಿಂದ ಆರಂಭಿಸಿ, ಹಿರಿಯ ಅತ್ತೆಯ ಮಕ್ಕಳ ಹೆಸರುಗಳನ್ನು ತಪ್ಪದೆ ಸೇರಿಸಿ. ಕ್ಯಾಲಿಫೋರ್ನಿಯಾದ ಪ್ರಮಾಣಪತ್ರದಲ್ಲಿ ಮೃತರ ತಂದೆತಾಯಿಯ ಹೆಸರು ಹಾಗೂ ವೈವಾಹಿಕ ಸ್ಥಿತಿಯ ಅಂಕಣಗಳಿರುತ್ತವೆ, ವಂಶವೃಕ್ಷದ ಹೆಸರುಗಳಿಗೂ ಅದಕ್ಕೂ ಕಾಗುಣಿತದಲ್ಲಿ ವ್ಯತ್ಯಾಸ ಕಂಡರೆ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು (ಪ್ರಮಾಣ ಮಾಡಿದ ಹೇಳಿಕೆ) ನಿಮ್ಮ ತಂದೆಯವರಿಂದ ಈಗಲೇ ಬರೆಸಿಟ್ಟುಕೊಳ್ಳಿ. ಅಣ್ಣನನ್ನು ಹತ್ತಿರದಿಂದ ಬಲ್ಲ ಅವರ ಹೇಳಿಕೆಗೆ ಇರುವ ತೂಕ ಮುಂದಿನ ತಲೆಮಾರಿನವರ ಮಾತಿಗೆ ಇರುವುದಿಲ್ಲ.

ಜಯನಗರ ನಿವಾಸಿ

ಹಿರಿಯ ಅತ್ತೆಯ ಮಕ್ಕಳಿಗೆ ಇಂದೇ ಫೋನ್ ಮಾಡಿ ವಿಷಯ ತಿಳಿಸುತ್ತೇನೆ. ಅವರ ಪಾಲು ಅವರಿಗೆ ಸೇರಲೇಬೇಕು ಎಂಬುದು ತಂದೆಯವರ ಮಾತೂ ಹೌದು. ಚೆನ್ನೈಗೆ ಹೋಗಿ ಬರುತ್ತೇನೆ ಎಂದು ಅವರೇ ಹೇಳಿದ್ದಾರೆ, ಕಾನ್ಸುಲೇಟ್‌ನ ಸಮಯ ಸಿಕ್ಕ ಕೂಡಲೇ ರೈಲಿನ ಟಿಕೆಟ್ ಮಾಡಿಸುತ್ತೇನೆ.