ದಿನಾ ಹಾಕಿಕೊಳ್ಳುವ ಸ್ವೆಟರ್: ಹತ್ತಿಯದಾ, ಉಣ್ಣೆಯದಾ?

ಮಲ್ನಾಡ್ ಹುಡುಗಿ: ಇರೋದು ಬೆಂಗಳೂರಲ್ಲಿ. ಬೆಳಗ್ಗೆ ಬಸ್ಸಲ್ಲಿ ಚಳಿ, ಆಫೀಸಲ್ಲಿ ಏಸಿ. ಈಗಿರುವ ಸ್ವೆಟರ್ ಅಕ್ರಿಲಿಕ್, ಒಂದೇ ಚಳಿಗಾಲಕ್ಕೆ ಕಂಕುಳಲ್ಲಿ, ಬ್ಯಾಗಿನ ಪಟ್ಟಿ ಉಜ್ಜುವ ಕಡೆ ಎಲ್ಲ ಸಣ್ಣ ಸಣ್ಣ ಉಂಡೆ ಎದ್ದಿದೆ. ಮೈಗೆ ಹಿತವಾಗಿದ್ದು ಪರಿಸರಕ್ಕೂ ಜಾಸ್ತಿ ಹಾನಿ ಮಾಡದ್ದು ಯಾವುದು? ಎಲ್ಲರೂ ‘ಇಕೋ’ ಅಂತ ಬರೆದುಕೊಳ್ಳುತ್ತಾರೆ, ನಂಬೋದು ಹೇಗೆ?

ಸೂಜಿದಾರ: ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ, ಒಗೆದಾಗಲೆಲ್ಲ ಅದರ ಎಳೆ ಚರಂಡಿ ಸೇರುತ್ತದೆ. ಬೆಂಗಳೂರಲ್ಲಿ ಜನವರಿಯಲ್ಲೂ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ, ಅಷ್ಟಕ್ಕೆ ಸಾವಯವ ಹತ್ತಿಯದು ಸಾಕು. ಜಿಓಟಿಎಸ್ ಗುರುತು ನೋಡಿ, ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಅದು. ಅದರಲ್ಲೂ ಎರಡು ಥರ ಇದೆ: ‘ಆರ್ಗ್ಯಾನಿಕ್’ ಅಂತಿದ್ದರೆ ಕನಿಷ್ಠ 95% ಸಾವಯವ ನಾರು, ‘ಮೇಡ್ ವಿತ್ ಆರ್ಗ್ಯಾನಿಕ್’ ಅಂತಿದ್ದರೆ 70% ಇದ್ದರೂ ಸಾಕು. ಲೇಬಲ್‌ನಲ್ಲಿ ಲೈಸೆನ್ಸ್ ನಂಬರ್ ಇಲ್ಲದಿದ್ದರೆ ಸುಮ್ನೆ ವಾಪಸ್ ಇಡಿ. ಕೊಳ್ಳುವ ಮೊದಲು ತೋಳಿನ ತುದಿ ಎಳೆದು ಬಿಡಿ, ಸಡಿಲವಾಗೇ ಉಳಿದರೆ ಹೆಣಿಗೆ ಸರಿಯಿಲ್ಲ.

ಚಳ್ಳಕೆರೆ ಕಂಬಳಿ: ಹತ್ತಿ ಬೇಡ ಅಂತೀನಿ. ತೂಕ ಜಾಸ್ತಿ, ನಾಲ್ಕು ಸಲ ಒಗೆದರೆ ಜೋತು ಬೀಳುತ್ತದೆ, ತುಂತುರು ಮಳೆಗೆ ನೆಂದರೆ ಬೇಗ ಒಣಗೋದೂ ಇಲ್ಲ. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ, ಬೆವರು ವಾಸನೆಯೂ ಬೇಗ ಹತ್ತುವುದಿಲ್ಲ, ಹಾಗಾಗಿ ಪದೇ ಪದೇ ಒಗೆಯಬೇಕಿಲ್ಲ. ನಮ್ಮ ದಖನಿ ಕುರಿಯ ಉಣ್ಣೆಯೇ ಆಗಬಹುದಲ್ಲ ಅಂತ ಕೇಳಬೇಡಿ. ಅದು ಒರಟು. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿಗೆ ಸೈ, ಕತ್ತಿನ ಹತ್ತಿರ ಚುಚ್ಚುತ್ತದೆ. ಮೈಗೆ ಮೆರಿನೋ ಕುರಿಯ ನಯವಾದ ಉಣ್ಣೆಯೇ ಬೇಕು, ಎಳೆ 20 ಮೈಕ್ರಾನ್‌ಗಿಂತ ನವಿರಾದದ್ದು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಆಸ್ಟ್ರೇಲಿಯಾದ್ದಾದರೆ ಮ್ಯೂಲ್ಸಿಂಗ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ನೊಣ ಮೊಟ್ಟೆ ಇಡಬಾರದು ಅಂತ ಕುರಿಮರಿಯ ಬಾಲದ ಸುತ್ತಲಿನ ಚರ್ಮವನ್ನೇ ಕತ್ತರಿಸಿ ತೆಗೆಯುವ ಪದ್ಧತಿ ಅದು. ನ್ಯೂಜಿಲೆಂಡ್ ಅದನ್ನು 2018ರಲ್ಲೇ ನಿಷೇಧಿಸಿದೆ. ಕುರಿಗಳನ್ನು ಸರಿಯಾಗಿ ನೋಡಿಕೊಂಡಿದ್ದಾರೆ ಅಂತ ಖಾತ್ರಿ ಕೊಡುವ ಆರ್‌ಡಬ್ಲ್ಯೂಎಸ್ ಗುರುತಿದ್ದರೆ ಆ ಚಿಂತೆ ಇಲ್ಲ.

ಮಲ್ನಾಡ್ ಹುಡುಗಿ: ಮೆರಿನೋ ಬೆಲೆ ನೋಡಿ ತಲೆ ತಿರುಗಿತು ಅಣ್ಣಾ! ಮೆಷಿನ್‌ಗೆ ಹಾಕಬಹುದಾ ಅದನ್ನು?

ಸೂಜಿದಾರ: ಲೇಬಲ್ ಹಾಕಬಹುದು ಅಂದರೆ ಮಾತ್ರ. ಇಲ್ಲದಿದ್ದರೆ ತಣ್ಣೀರು, ಚೂರು ಶಾಂಪೂ. ಹಿಂಡಬೇಡಿ, ಟವೆಲಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆ ಮೇಲೆ ಹರಡಿ. ತಂತಿ ಮೇಲೆ ನೇತು ಹಾಕಿದರೆ ತೋಳು ಮೊಳಕಾಲಿಗೆ ಬರುತ್ತದೆ. ಉಣ್ಣೆ ವಿಷಯದಲ್ಲಿ ಚಳ್ಳಕೆರೆಯವರು ಹೇಳಿದ್ದು ನಿಜ, ಆದರೆ ದುಡ್ಡು ಕೂಡೋವರೆಗೆ ಆ ಹಳೇದನ್ನು ಬಿಸಾಕಬೇಡಿ. ಬಟ್ಟೆ ಬಿಗಿಯಾಗಿ ಹಿಡಿದು ರೇಜರ್‌ನಿಂದ ಮೆಲ್ಲಗೆ ಕೆರೆದರೆ ಉಂಡೆ ಹೋಗುತ್ತದೆ, ಇನ್ನೊಂದು ಚಳಿಗಾಲ ಆರಾಮಾಗಿ ಬರುತ್ತದೆ.